ಖಾಲಿ ಬಿಟ್ಟ ಫರಸಿ

ನಮ್ಮ ಒಂಬತ್ತನೇ ತರಗತಿಯ ಕೋಣೆಯಲ್ಲಿ ಬೆಂಚುಗಳು ಕಡಿಮೆ, ನೆಲ ಮಾತ್ರ ಗಟ್ಟಿಮುಟ್ಟು. ವಾಡಿಯಿಂದ ಚಿತ್ತಾಪುರದ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರಿನ ಶಾಲೆ ಅದು. ಸುತ್ತ ಎಲ್ಲಿ ಅಗೆದರೂ ಫರಸಿ ಕಲ್ಲು. ಮನೆಯ ಗೋಡೆಗೆ, ಚಾವಣಿಗೆ, ಬಚ್ಚಲಿಗೆ, ಕಡೆಗೆ ದನ ಕಟ್ಟುವ ಜಾಗಕ್ಕೂ ಅದೇ ಚಪ್ಪಟೆ ಕಲ್ಲು. ನಾನು ಶಹಾಬಾದಿನಿಂದ ಬೆಳಗಿನ ರೈಲು ಹಿಡಿದು ವಾಡಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಮೊಣಕಾಲು ಮಡಚಿ ಕೂತು ಶಾಲೆ ಮುಟ್ಟುವ ವಿಜ್ಞಾನ ಶಿಕ್ಷಕಿ. ಮಕ್ಕಳಿಂದ ಸಿನಿಮಾ ಮಾಡಿಸುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸೃಜನಶೀಲ ಚಟುವಟಿಕೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಥರ್ಮೋಕೋಲು ಕತ್ತರಿಸಿ, ಬಣ್ಣ ಬಳಿದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ಸೃಜನಶೀಲತೆ ಮುಗಿಯುತ್ತಿತ್ತು. ಮರುದಿನ ಥರ್ಮೋಕೋಲನ್ನು ಗುಡಿಸುವ ಕೆಲಸ ಮಾತ್ರ ಉಳಿಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ತರರು ಕರೆದು ಒಂದು ಸ್ಪರ್ಧೆಯ ವಿಷಯ ಹೇಳಿದರು. ನೀರಿನ ಬಗ್ಗೆ ಮಕ್ಕಳೇ ತಯಾರಿಸಿದ ಎರಡು ನಿಮಿಷದ ಚಿತ್ರ ಕಳಿಸಬೇಕು. ಗೆದ್ದ ಶಾಲೆಗೆ ಒಂದು ಪ್ರೊಜೆಕ್ಟರ್.

"ನಿಮ್ಮ ಹತ್ರ ಹಳೇ ಫೋನ್ ಒಂದು ಬಿದ್ದದ ಅಲ್ರೀ ಮೇಡಂ, ಅದನ್ನ ತಗೊಂಡು ಬರ್ರಿ. ಪ್ರೊಜೆಕ್ಟರ್ ಬಂದ್ರ ನಿಮ್ಮ ಸೈನ್ಸಿಗೇ ಉಪಯೋಗ," ಎಂದರು.

ಆಸೆ ನನಗೂ ಇತ್ತು. ರಕ್ತ ಪರಿಚಲನೆಯನ್ನು ಬೋರ್ಡಿನ ಮೇಲೆ ಬಾಣ ಹಾಕಿ ಹಾಕಿ ತೋರಿಸಿ ಸಾಕಾಗಿತ್ತು. ಗಾಜು ಬಿರುಕು ಬಿಟ್ಟ ಹಳೆಯ ಫೋನಿಗೆ ಪುಕ್ಕಟೆ ಸಿಗುವ ಒಂದು ಆ್ಯಪ್ ಇಳಿಸಿಕೊಂಡೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ. ಚಿತ್ರ ಬರೆದು ಒಂದು ಫೋಟೋ, ಸ್ವಲ್ಪ ಅಳಿಸಿ ಸ್ವಲ್ಪ ಸರಿಸಿ ಬರೆದು ಮತ್ತೊಂದು ಫೋಟೋ. ಹೀಗೆ ತೆಗೆದದ್ದನ್ನೆಲ್ಲ ಆ್ಯಪ್ ಒಂದರ ಹಿಂದೊಂದು ಓಡಿಸಿದರೆ ಬರೆದ ಚಿತ್ರ ನಡೆಯುತ್ತದೆ. ತರಗತಿಯಲ್ಲಿ ಇದನ್ನು ವಿವರಿಸಿದಾಗ ಮಕ್ಕಳು ಮೊದಲು ಕೇಳಿದ್ದು ಹಾಳೆಯ ಬಗ್ಗೆ. ನೂರಾರು ಚಿತ್ರ ಎಂದರೆ ನೂರಾರು ಹಾಳೆ. ನಮ್ಮಲ್ಲಿ ಪರೀಕ್ಷೆಯ ಹಾಳೆಗೇ ತತ್ವಾರ.

"ಚಿತ್ರ ಕೆಳಗ ತೆಗಿಯೋಣ್ರಿ ಟೀಚರ್, ಫರಸಿ ಮ್ಯಾಲ," ಎಂದು ಹಿಂದಿನಿಂದ ಒಂದು ದನಿ ಬಂತು.

ಹೇಳಿದ್ದು ಎಡಗೈಯಲ್ಲಿ ಬರೆಯುವ ಹುಡುಗಿ. ಮಾತು ಕಡಿಮೆ. ದಿನಾ ಪ್ರಾರ್ಥನೆ ಮುಗಿದ ಮೇಲೆಯೇ ಗೇಟಿನೊಳಗೆ ಕಾಲಿಡುವವಳು. ಅವಳು ಆ ವರ್ಷ ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟಿದ್ದು ಅದೇ ಮೊದಲು, ಅದಕ್ಕೇ ನಾನು ಬೇರೆ ಯೋಚನೆ ಮಾಡದೆ ಆಗಲಿ ಎಂದೆ.

ಬಾಗಿಲಿನಿಂದ ಕಿಟಕಿಯವರೆಗೆ ಒಂದು ಸಾಲು ಫರಸಿಗಳನ್ನು ಆರಿಸಿಕೊಂಡೆವು. ಒಂದು ಫರಸಿಗೆ ಒಂದು ದೃಶ್ಯ. ಕಥೆ ಬಾಗಿಲಲ್ಲಿ ಶುರುವಾಗಿ ಕಿಟಕಿಯ ಕೆಳಗೆ ಮುಗಿಯಬೇಕು. ಎರಡು ಡೆಸ್ಕು ಎದುರುಬದುರು ಇಟ್ಟು, ನಡುವೆ ಹಲಗೆ ಹಾಕಿ, ಫೋನಿನ ಕ್ಯಾಮೆರಾ ಹಲಗೆಯ ಅಂಚಿನಿಂದ ಹೊರಗೆ ಬರುವಂತೆ ಮಲಗಿಸಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿದೆವು. ಬೆರಳು ತಾಗಿಸಿದರೆ ಫೋನು ಅಲುಗಾಡಿ ಚಿತ್ರ ಕುಣಿಯುತ್ತಿತ್ತು. ಇಯರ್‌ಫೋನಿನ ವೈರಿನಲ್ಲಿರುವ ಸೌಂಡಿನ ಗುಂಡಿ ಒತ್ತಿದರೂ ಫೋಟೋ ಬೀಳುತ್ತದೆಂದು ಹುಡುಗರೇ ಕಂಡುಹಿಡಿದರು. ಆಮೇಲೆ ಬಿಸಿಲಿನ ಕಾಟ. ಕಿಟಕಿಯ ಬಿಸಿಲು ಸರಿದ ಹಾಗೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ. ಬಿಳಿ ಯೂರಿಯಾ ಚೀಲಗಳನ್ನು ಬಿಚ್ಚಿ ಕಿಟಕಿಗೆ ಕಟ್ಟಿದ ಮೇಲೆ ಬೆಳಕು ಎಲ್ಲ ಕಡೆ ಒಂದೇ ಸಮ ಬಂತು. ಕೋಣೆಗೆ ಮಾತ್ರ ಗೊಬ್ಬರದ ಅಂಗಡಿಯ ಕಳೆ ಬಂದು, ಪಕ್ಕದ ತರಗತಿಯವರು ಎಷ್ಟಕ್ಕೆ ಚೀಲ ಎಂದು ಕೇಳಿ ಹೋಗತೊಡಗಿದರು.

ಕಥೆ ನಾನು ಕೊಟ್ಟದ್ದು, ನೀರಿನ ಚಕ್ರ. ಸಮುದ್ರದಿಂದ ಆವಿ, ಆವಿಯಿಂದ ಮೋಡ, ಮೋಡದಿಂದ ಮಳೆ. ಸಮುದ್ರವನ್ನು ಯಾರೂ ಕಂಡಿರಲಿಲ್ಲ. ಶಾಲೆಯ ಪ್ರವಾಸದಲ್ಲಿ ನೋಡಿದ್ದ ಚಂದ್ರಂಪಳ್ಳಿಯ ಜಲಾಶಯವನ್ನೇ ಸಮುದ್ರ ಮಾಡಿದರು. ಕೆಲಸ ಶುದ್ಧವಾಗಿತ್ತು, ಜೀವ ಇರಲಿಲ್ಲ. ಮೋಡ ಎಡದಿಂದ ಬಲಕ್ಕೆ ಶಿಸ್ತಾಗಿ ಹೋಗುತ್ತಿತ್ತು, ಮಕ್ಕಳು ನನ್ನ ಮುಖ ನೋಡುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಬಂತು. ನಮ್ಮಲ್ಲಿ ಶನಿವಾರ ಬೆಳಗಿನ ಶಾಲೆ. ಪಾಳಿಯ ಮಕ್ಕಳು ಪ್ರಾರ್ಥನೆಗೆ ಮೊದಲೇ ಕೊಡಗಳಲ್ಲಿ ನೀರು ತಂದು ಕೋಣೆ ತೊಳೆಯುತ್ತಾರೆ. ಯಾವ ತರಗತಿಯ ನೆಲ ಹೆಚ್ಚು ಹೊಳೆಯುತ್ತದೆಂದು ಅವರಲ್ಲೇ ಪೈಪೋಟಿ. ಚಿತ್ರ ಅಳಿಸಬೇಡಿ ಎಂದು ವಾರವಿಡೀ ಹೇಳಿದ್ದೆ. ಪ್ರಾರ್ಥನೆ ಮುಗಿಸಿ ಕೋಣೆಗೆ ಬಂದು ನೋಡಿದರೆ ಅರ್ಧ ಮುಗಿದ ಮೋಡ, ಜಲಾಶಯ, ಬೆಟ್ಟ ಎಲ್ಲ ತೊಳೆದು ಬಚ್ಚಲಿಗೆ ಹೋಗಿತ್ತು. ಪಾಳಿಯ ಹುಡುಗಿಯರು ಒದ್ದೆ ಲಂಗ ಹಿಂಡಿಕೊಳ್ಳುತ್ತ ಶಾಭಾಸ್‌ಗಿರಿಗೆ ಕಾದು ನಿಂತಿದ್ದರು.

"ತೊಳಿಬ್ಯಾಡ್ರಿ ಅಂದಿದ್ದೆ ಅಲ್ಲ?"

"ಶನಿವಾರ ನೆಲ ತೊಳಿಲಾರ್ದ ಹ್ಯಾಂಗ ಬಿಡೋದ್ರಿ ಟೀಚರ್," ಎಂದು ಅವರು ನನ್ನನ್ನೇ ಕೇಳಿದರು.

ಸಿಟ್ಟು ನೆತ್ತಿಗೇರಿ ನಾನು ಬೆಂಚಿನ ಮೇಲೆ ಕುಸಿದೆ. ಆಗ ಎಡಗೈ ಹುಡುಗಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಏನನ್ನೋ ನೋಡುತ್ತಿದ್ದಳು. ನಮ್ಮ ಕಲ್ಲು ಒಣಗಿದಾಗ ಬೂದಿ ಬಣ್ಣ, ಒದ್ದೆಯಾದರೆ ಕಡುನೀಲಿ. ಅವಳು ಒರೆಸುವ ಅರಿವೆಯನ್ನು ಅದ್ದಿ, ಒಣಗಿದ ಒಂದು ಫರಸಿಯ ಮೇಲೆ ನಿಧಾನವಾಗಿ ಎಳೆದಳು.

"ನೀರು ತೆಗಿಲಿಕ್ಕ ಖಡು ಯಾಕ ಬೇಕ್ರಿ? ನೀರೇ ಹಚ್ಚಿದ್ರ ಆಯ್ತು," ಎಂದಳು. ಖಡು ಎಂದರೆ ಸೀಮೆಸುಣ್ಣ, ತೆಗೆಯುವುದೆಂದರೆ ಚಿತ್ರ ಬರೆಯುವುದು.

ಅವಳು ಎಳೆದದ್ದು ಕೆರೆಯ ಆಕಾರವಲ್ಲ. ನಾಲ್ಕು ಮೂಲೆ, ನೇರ ಅಂಚು, ನಡುವೆ ಕಪ್ಪು ನೀರು. ಹಾಗೆ ಚೌಕಾಕಾರದಲ್ಲಿ ನೀರು ನಿಲ್ಲುವುದು ನಮ್ಮ ಕಡೆ ಒಂದೇ ಜಾಗದಲ್ಲಿ. ಕಲ್ಲು ತೆಗೆದು ಬಿಟ್ಟುಹೋದ ಖಣಿಯಲ್ಲಿ. ಕೋಣೆಯಲ್ಲಿದ್ದ ಮಕ್ಕಳೆಲ್ಲ ಸುತ್ತ ಬಂದು ನಿಂತರು.

ಹಿಂದಿನ ವರ್ಷ ಇದೇ ಮಕ್ಕಳ ಜೊತೆ ಎಂಟನೇ ತರಗತಿಯಲ್ಲಿದ್ದ ಒಬ್ಬ ಹುಡುಗಿ ಊರ ಹಿಂದಿನ ಖಣಿಯಲ್ಲಿ ಮುಳುಗಿ ತೀರಿಕೊಂಡಿದ್ದಳು. ಬಟ್ಟೆ ಒಗೆಯಲು ಇಬ್ಬರು ಗೆಳತಿಯರು ಹೋಗಿದ್ದರು. ಹಿಂದಿರುಗಿ ಬಂದವಳು ಈ ಎಡಗೈ ಹುಡುಗಿ. ಏನಾಯಿತೆಂದು ಯಾರು ಕೇಳಿದರೂ ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದಳು. ನೀರಾಟಕ್ಕೆ ಇಳಿದು ಮುಳುಗಿದಳೆಂದು ಊರವರೇ ತೀರ್ಮಾನಿಸಿದರು. ತೀರಿಕೊಂಡವಳ ತಾಯಿ ಫರಸಿ ಪಾಲಿಶ್ ಮಾಡುವ ಶೆಡ್ಡಿನಲ್ಲಿ ಕೂಲಿ. ಅವರ ಮನೆ ಶಾಲೆಗೆ ಬರುವ ಓಣಿಯಲ್ಲೇ ಇದೆ. ಅಂದಿನಿಂದ ಈ ಹುಡುಗಿ ಆ ಓಣಿ ಬಿಟ್ಟು, ಊರನ್ನು ಒಂದು ಸುತ್ತು ಹಾಕಿ ಶಾಲೆಗೆ ಬರುತ್ತಿದ್ದಳು. ಅವಳಿಗೆ ಪ್ರಾರ್ಥನೆ ಯಾಕೆ ತಪ್ಪುತ್ತದೆಂದು ನಮಗೆಲ್ಲ ಗೊತ್ತಿತ್ತು, ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ.

"ಇದನ್ನೇ ಮಾಡೋಣ್ರಿ," ಎಂದಳು ಪಾಳಿಯ ಹುಡುಗಿಯರಲ್ಲಿ ಒಬ್ಬಳು. ಉಳಿದವರು ಹೂಂ ಎಂದರು. ನನಗೆ ಭಯವಾಯಿತು. ನೀರಿನ ಚಕ್ರಕ್ಕೆ ಪಾಠ ಇದೆ, ಉತ್ತರ ಇದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಮಕ್ಕಳ ಮುಖದಲ್ಲಿ ಮೊದಲ ಸಲ ಕೆಲಸದ ಹಸಿವು ಕಂಡಿದ್ದೆ. ಹೂಂ ಎಂದುಬಿಟ್ಟೆ.

ಹೊಸ ಕಥೆಯನ್ನು ಅವರೇ ಹಂಚಿಕೊಂಡರು. ಬಾಗಿಲ ಬಳಿಯ ಫರಸಿಗಳಲ್ಲಿ ಇಬ್ಬರು ಹುಡುಗಿಯರು ಬಟ್ಟೆಯ ಗಂಟು ಹೊತ್ತು ನಗುತ್ತ ನಡೆಯುತ್ತಾರೆ. ಮುಂದಿನದರಲ್ಲಿ ಖಣಿ. ಅದರ ಮುಂದೆ ಬಟ್ಟೆ ಒಗೆಯುವುದು. ಕಿಟಕಿಯ ಕೆಳಗಿನ ಕೊನೆಯ ಫರಸಿಯಲ್ಲಿ ಒಬ್ಬಳೇ ಹಿಂದಿರುಗುವುದು. ಕೊನೆಯದರ ಹಿಂದಿನ ಫರಸಿಯನ್ನು ಎಡಗೈ ಹುಡುಗಿ ತನಗೆಂದು ಇಟ್ಟುಕೊಂಡಳು.

ಒದ್ದೆ ಅರಿವೆಯಿಂದ ಬರೆದ ನೀರಿನದು ದೊಡ್ಡ ಗೋಳು. ಫೋಟೋ ತೆಗೆಯುವಷ್ಟರಲ್ಲಿ ಅಂಚು ಒಣಗಿ ಒಳಗೆ ಸರಿಯುತ್ತಿತ್ತು. ಫ್ಯಾನು ನಿಲ್ಲಿಸಿದೆವು, ಬೆವರು ಸುರಿಸಿದೆವು. ಪ್ರತಿ ಫೋಟೋಕ್ಕೂ ಅಂಚನ್ನು ಹೊಸದಾಗಿ ಒದ್ದೆ ಮಾಡಬೇಕಾಗಿ, ಅದು ಒಮ್ಮೆಯೂ ಹಿಂದಿನ ಜಾಗದಲ್ಲೇ ಬೀಳಲಿಲ್ಲ. ಕೆಲಸ ಕೆಟ್ಟಿತೆಂದುಕೊಂಡು ಆ್ಯಪಿನಲ್ಲಿ ಓಡಿಸಿ ನೋಡಿದರೆ ಖಣಿಯ ನೀರು ಉಸಿರಾಡುವ ಹಾಗೆ ಅಲುಗುತ್ತಿತ್ತು. ನಮಗೆ ಯಾರಿಗೂ ಅಂಥದ್ದನ್ನು ಬೇಕೆಂದು ಮಾಡಲು ಬರುತ್ತಿರಲಿಲ್ಲ.

ಧ್ವನಿಗೆ ಇನ್ನೊಂದು ತೊಡಕು. ಊರಲ್ಲಿ ಬೆಳಗಿನಿಂದ ಸಂಜೆತನಕ ಕಲ್ಲು ಕೊಯ್ಯುವ ಮಷಿನ್ನಿನ ಸದ್ದು. ಬಿಸಿಯೂಟದ ಅಕ್ಕಿ ಚೀಲ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರೆ ದನಿ ಮೆತ್ತಗೆ, ಸ್ಪಷ್ಟವಾಗಿ ಬರುತ್ತಿತ್ತು, ಆದರೂ ಮಷಿನ್ನು ಹಿಂದೆ ಗುಂಯ್ ಎನ್ನುತ್ತಿತ್ತು. ಕರೆಂಟು ಹೋದರೆ ಊರಿನ ಮಷಿನ್ನೆಲ್ಲ ಒಟ್ಟಿಗೆ ನಿಲ್ಲುತ್ತವೆ, ಫೋನು ಬ್ಯಾಟರಿಯಲ್ಲಿ ನಡೆಯುತ್ತದೆ. ಜನ್ಮದಲ್ಲಿ ಮೊದಲ ಸಲ ಕರೆಂಟು ಹೋಗಲೆಂದು ಕಾದು ಕೂತೆವು. ಹೋದ ಕೂಡಲೇ ಯಾವ ಪಾಠವಿದ್ದರೂ ಬಿಟ್ಟು ಅಕ್ಕಿ ಕೋಣೆಗೆ ಓಡುತ್ತಿದ್ದೆವು. ಮಾತು ಇಟ್ಟಿರಲಿಲ್ಲ. ಬಟ್ಟೆ ಬಡಿಯುವ ಸದ್ದು, ಬಳೆಯ ಸದ್ದು, ಇಬ್ಬರ ನಗು, ಅಷ್ಟೇ.

ಎಲ್ಲ ಮುಗಿಯುತ್ತ ಬಂದರೂ ಎಡಗೈ ಹುಡುಗಿಯ ಫರಸಿ ಖಾಲಿ. ಕೇಳಿದಾಗಲೆಲ್ಲ "ನಾಳಿ ತೆಗಿತೀನ್ರಿ" ಎನ್ನುತ್ತಿದ್ದಳು. ಕಳಿಸುವ ಕೊನೆಯ ದಿನ ಹತ್ತಿರ ಬಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಉಳಿದವರನ್ನು ಹೊರಗೆ ಕಳಿಸಿ, ಇವತ್ತು ಬರೆಯದಿದ್ದರೆ ಆ ದೃಶ್ಯ ಬಿಟ್ಟೇ ಕಳಿಸುತ್ತೇನೆಂದು ಹೇಳಿದೆ. ಅವಳು ಖಡು ಎತ್ತಿ ಎರಡು ಕೈ ಬರೆದಳು. ಒಂದು ನೀರಿನೊಳಗಿಂದ ಮೇಲೆ ಚಾಚಿದ್ದು, ಇನ್ನೊಂದು ದಡದಿಂದ ಕೆಳಗೆ ಚಾಚಿದ್ದು. ಗೆಳತಿಯನ್ನು ಉಳಿಸಲು ಇವಳು ಕೈ ಚಾಚಿದ್ದಿರಬೇಕೆಂದುಕೊಂಡೆ.

"ನೀ ಕೈ ಕೊಟ್ಟಿದ್ದೆ ಅಲ್ಲವಾ? ಇದನ್ನ ಯಾಕ ಯಾರಿಗೂ ಹೇಳಿಲ್ಲ?"

"ಮ್ಯಾಲಿನ ಕೈ ಆಕಿದು ಟೀಚರ್," ಎಂದಳು. "ಕೆಳಗಿಂದು ನಂದು."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ಅಳಲಿಲ್ಲ. ಒಂದೊಂದೇ ಫೋಟೋ ತೆಗೆಸುತ್ತ, ಮೇಲಿನ ಕೈಯನ್ನು ಸ್ವಲ್ಪ ಸ್ವಲ್ಪವೇ ಕೆಳಗಿನ ಕೈಯ ಹತ್ತಿರ ತಂದಳು. ಇಯರ್‌ಫೋನಿನ ಗುಂಡಿ ನನ್ನ ಕೈಯಲ್ಲಿತ್ತು. ಅವಳು ಹೂಂ ಎಂದಾಗಲೆಲ್ಲ ಒತ್ತಿದೆ.

ಈಗ ನನ್ನ ಮುಂದಿದ್ದ ಪ್ರಶ್ನೆ ಒಂದೇ. ಈ ಚಿತ್ರವನ್ನು ಆ ತಾಯಿಗಿಂತ ಮೊದಲು ಬೇರೆಯವರು ನೋಡಬಹುದೇ? ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಅವರ ಮಾತಿನಲ್ಲೂ ಅರ್ಥವಿತ್ತು.

"ಆ ತಾಯಿ ಈಗ ಜರಾ ಸಮಾಧಾನ ಆಗ್ಯಾಳ್ರಿ. ಮತ್ತ ಯಾಕ ಕೆದಕ್ತೀರಿ? ತನ್ನ ಮಗಳು ಇನ್ನೊಬ್ಬರ ಮಗಳ ಸಲುವಾಗಿ ಹೋದಳು ಅಂತ ಗೊತ್ತಾದ್ರ ಈ ಹುಡುಗಿ ಗತಿ ಏನು? ಒಂದೇ ಊರಾಗ ಇರಬೇಕು ಇವರು. ಮೊದಲು ಕಳಿಸಿಬಿಡ್ರಿ, ಆಮ್ಯಾಲ ನೋಡೋಣ."

ನಾನು ಹುಡುಗಿಯನ್ನೇ ಕೇಳಿದೆ. "ತೋರಿಸ್ರಿ," ಎಂದಳು. "ನನಗ ಹೇಳ್ಲಿಕ್ಕ ಆಗಲ್ಲ. ಅದಕ್ಕೇ ತೆಗದೀನಿ."

ನಾನು ಹೇಳಿ ಕಳಿಸಿದ್ದರಿಂದ, ಸಂಜೆ ಶೆಡ್ಡಿನ ಕೆಲಸ ಬಿಟ್ಟ ಮೇಲೆ ಆ ತಾಯಿ ನೇರವಾಗಿ ಶಾಲೆಗೆ ಬಂದರು. ಸೀರೆಯ ಅಂಚಿಗೂ ಹುಬ್ಬಿಗೂ ಕಲ್ಲಿನ ಹುಡಿ. ಕುರ್ಚಿ ಕೊಟ್ಟರೂ ಕೂರದೆ ನೆಲದ ಮೇಲೆ ಕೂತರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಫೋನನ್ನು ಡಸ್ಟರಿಗೆ ಒರಗಿಸಿ ಇಟ್ಟು ಓಡಿಸಿದೆ. ಇಬ್ಬರು ನಡೆದರು, ನಕ್ಕರು, ಬಟ್ಟೆ ಬಡಿದರು. ಎರಡು ಕೈ ಬಂದವು. ಒಬ್ಬಳು ಹಿಂದಿರುಗಿದಳು. ಮುಗಿಯಿತು.

ಅವರು ಪರದೆಯನ್ನೇ ನೋಡುತ್ತ ಕೇಳಿದರು. "ಮ್ಯಾಲಿನ ಕೈ ಯಾರದು?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ ಉತ್ತರ ಬಂತು. "ಆಕಿದು ದೊಡ್ಡವ್ವ. ನಾ ಜಾರಿ ಬಿದ್ದಿದ್ದೆ. ಆಕಿ ಕೈ ಕೊಟ್ಟಳು. ನನ್ನ ಮ್ಯಾಲಕ್ಕ ಎಳೆದು ತಾ ಜಾರಿ ಹೋದಳು."

"ವರ್ಷ ಆಯ್ತು. ಬಾಯಿ ಬಿಟ್ಟಿಲ್ಲ ನೀ," ಎಂದರು ಆ ತಾಯಿ.

"ನನ್ನ ಸಲುವಾಗಿ ಹೋದಳು ಅಂತ ನಿಮಗ ಗೊತ್ತಾದ್ರ…" ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು.

ಆ ತಾಯಿ ಅವಳ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದರು.

"ಅಂದ್ರ ಆಕಿ ಆಟಕ್ಕ ಇಳಿದಿದ್ದಿಲ್ಲ," ಎಂದರು. "ಮಂದಿ ಮುಂದ ನಾನೂ ಹಂಗೇ ಅಂದೀನ್ರಿ ಟೀಚರ್. ಹೇಳಿದ ಮಾತು ಕೇಳ್ತಿದ್ದಿಲ್ಲ, ಇಳಿಬ್ಯಾಡ ಅಂದ್ರ ಇಳಿದಳು ಅಂತ. ವರ್ಷಪೂರ್ತಿ ಬೈದೀನಿ ಆಕಿಗಿ. ಫೋಟೋಕ್ಕ ಹೂವು ಹಾಕೂ ಮುಂದನೂ ಬೈದೀನಿ."

ಆಮೇಲೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಹುಡುಗಿಯೂ ಅತ್ತಳು, ನಾನೂ ಅತ್ತೆ. ಮೂವರೂ ಒಬ್ಬರನ್ನೊಬ್ಬರು ಮುಟ್ಟದೆ, ಬೇರೆ ಬೇರೆ ಜಾಗದಲ್ಲಿ ಕೂತು ಅತ್ತೆವು.

ಸ್ವಲ್ಪ ಹೊತ್ತಿನ ಮೇಲೆ ಅವರು ಮುಖ ಒರೆಸಿಕೊಂಡು "ಮೊದಲಿಂದ ಹಚ್ಚು" ಎಂದರು. ಹೇಳಿದ್ದು ನನಗಲ್ಲ, ಹುಡುಗಿಗೆ. ಅವಳು ಹತ್ತಿರ ಬಂದು ಕೂತು ಚಿತ್ರ ಓಡಿಸಿದಳು. ಇಬ್ಬರೂ ಗಂಟು ಹೊತ್ತು ನಡೆಯುವಲ್ಲಿ ಅವರು ಕೈ ಎತ್ತಿದರು.

"ನಿಲ್ಸು. ಆಕಿಗಿ ಎರಡು ಜಡಿ ಯಾಕ ತೆಗದೀರಿ?"

ನಮ್ಮ ಶಾಲೆಯಲ್ಲಿ ಹುಡುಗಿಯ ಚಿತ್ರ ಬರೆಯಿರಿ ಎಂದರೆ ಎಲ್ಲ ಮಕ್ಕಳೂ ಎರಡು ಜಡೆ, ಎರಡು ರಿಬ್ಬನ್ ಬರೆಯುತ್ತಾರೆ. ಸಮವಸ್ತ್ರದ ಜೊತೆಗೆ ಬಂದ ಜಡೆ ಅದು. ಯಾರಿಗೂ ಅನುಮಾನವೇ ಬಂದಿರಲಿಲ್ಲ.

"ಸಾಲಿಗಿ ಹೋಗೂ ದಿನ ಎರಡು ಜಡಿ," ಎಂದರು. "ಆವತ್ತ ಸೂಟಿ ಇತ್ತು. ತಲಿ ಎರೆದು ಒಂದೇ ಜಡಿ ಹಾಕಿದ್ದೆ. ನಾನೇ ಹಾಕಿದ್ದೆ."

"ಹೌದು ದೊಡ್ಡವ್ವ," ಎಂದಳು ಹುಡುಗಿ. "ಒಂದೇ ಇತ್ತು."

ಅವರು ನನ್ನ ಕಡೆ ತಿರುಗಿ, "ಇದನ್ನ ತಿದ್ದಲಿಕ್ಕ ಬರ್ತದೇನ್ರಿ?" ಎಂದು ಕೇಳಿದರು.

ತಿದ್ದಲು ಬರುವುದಿಲ್ಲ. ನೆಲದ ಮೇಲಿನ ಚಿತ್ರ ಯಾವಾಗಲೋ ಅಳಿಸಿಹೋಗಿದೆ, ಫೋನಿನಲ್ಲಿರುವುದು ಬರೀ ಫೋಟೋ. ಒಂದು ಜಡೆ ಬೇಕೆಂದರೆ ಇಬ್ಬರೂ ನಡೆಯುವ, ಬಟ್ಟೆ ಒಗೆಯುವ ಭಾಗಗಳನ್ನು ಪೂರಾ ಹೊಸದಾಗಿ ಬರೆಯಬೇಕು. ಮರುದಿನ ಮಧ್ಯಾಹ್ನದೊಳಗೆ, ನೆಟ್ ಸರಿಯಾಗಿ ಸಿಗುವ ಚಿತ್ತಾಪುರಕ್ಕೆ ಹೋಗಿ ಚಿತ್ರ ಕಳಿಸಬೇಕಿತ್ತು. ಇದೆಲ್ಲ ತಲೆಯಲ್ಲಿ ಒಂದು ಸುತ್ತು ಬಂತು, ಆದರೆ ಎರಡು ಜಡೆಯದನ್ನೇ ಕಳಿಸಲು ಮನಸ್ಸು ಒಪ್ಪಲಿಲ್ಲ.

"ಬರ್ತದ," ಎಂದೆ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಜಡಿ ಸಲುವಾಗಿ ಪ್ರೊಜೆಕ್ಟರ್ ಬಿಡ್ತೀರೇನ್ರಿ ಮೇಡಂ? ಜಡಿ ಯಾರು ನೋಡ್ತಾರ?"

"ಆಕಿ ತಾಯಿ ನೋಡ್ತಾರ್ರಿ ಸರ್."

ಅವರು "ಏನ್ ಮಾಡ್ತೀರೋ ಮಾಡ್ರಿ" ಎಂದು ಹಾಜರಿ ಪುಸ್ತಕ ಎಳೆದುಕೊಂಡರು. ನನಗೆ ಪ್ರೊಜೆಕ್ಟರ್ ಹೋದ ಸಂಕಟ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮಕ್ಕಳಿಗೆ ವಿಷಯ ತಿಳಿಸುವುದು ಅದಕ್ಕಿಂತ ಕಷ್ಟ ಎಂದುಕೊಂಡಿದ್ದೆ. ಕೇಳಿದ ಕೂಡಲೇ ಅವರು ಡೆಸ್ಕು ಎಳೆದು, ಹಲಗೆ ಹಾಕಿ, ಟ್ಯೂಬಿನ ಪಟ್ಟಿ ಬಿಗಿಯತೊಡಗಿದರು.

ಶೆಡ್ಡಿಗೆ ರಜೆ ಇದ್ದ ದಿನ ಆ ತಾಯಿ ಬಂದು ಗೋಡೆಗೆ ಒರಗಿ ಕೂತರು. ಬೆಳಗಿನಿಂದ ಸಂಜೆತನಕ ಕೂತಿದ್ದರು. ಎಡಗೈ ಹುಡುಗಿ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಬಾಗಿಲಿನಿಂದ ಮುಂದಕ್ಕೆ ಸರಿದಳು. ಒಂದೇ ಜಡೆಯ ಹುಡುಗಿ ಗಂಟು ಹೊತ್ತು ಒಂದೊಂದೇ ಹೆಜ್ಜೆ ಇಟ್ಟಳು. ಯೂರಿಯಾ ಚೀಲದ ಒಂದು ಮೂಲೆ ಕಿತ್ತುಬಂದಾಗ ಹೆಡ್‌ಮಾಸ್ತರರೇ ಬಂದು ಹಿಡಿದು ನಿಂತರು. ತಾಯಿ ಒಮ್ಮೆ ಮಾತ್ರ ಎದ್ದು ಬಂದು, "ಜಡಿ ಇನ್ನೂ ಉದ್ದ ಇತ್ತು, ಸೊಂಟದತನ" ಎಂದು ಬೆರಳಿನಿಂದ ತೋರಿಸಿ ಹೋದರು.

ಚಿತ್ರ ಈಗ ನನ್ನ ಹಳೆಯ ಫೋನಿನಲ್ಲಿದೆ. ಆ ತಾಯಿಯ ಹತ್ತಿರ ಗುಂಡಿಯ ಫೋನು, ಅದರಲ್ಲಿ ಈ ಚಿತ್ರ ಓಡುವುದಿಲ್ಲ. ನೋಡಬೇಕೆನಿಸಿದಾಗ ಶಾಲೆಗೇ ಬರುತ್ತಾರೆ. ಸಾಮಾನ್ಯವಾಗಿ ನಡೆಯುವ ಭಾಗ ಮಾತ್ರ ನೋಡಿ, ಖಣಿ ಬರುವ ಮೊದಲು ಸಾಕು ಎನ್ನುತ್ತಾರೆ. ರಕ್ತ ಪರಿಚಲನೆಗೆ ನಾನು ಇನ್ನೂ ಬೋರ್ಡಿನ ಮೇಲೆ ಬಾಣ ಹಾಕುತ್ತಿದ್ದೇನೆ.

ಅದೆಲ್ಲ ಆಮೇಲಿನ ಮಾತು. ಆ ದಿನ ಸಂಜೆ ಕೊನೆಯ ಫೋಟೋ ತೆಗೆದು ಹಲಗೆ ಇಳಿಸುತ್ತಿದ್ದಾಗ ಅವರು ಹೊರಡಲು ಎದ್ದರು. ಎರಡು ಕೈ ಬರೆದಿದ್ದ ಫರಸಿಯ ಮೇಲೆ ಒರೆಸಿದರೂ ಹೋಗದ ಬಿಳಿ ಮಸುಕು ಉಳಿದಿತ್ತು. ಅದನ್ನು ತುಳಿಯದೆ ಬಳಸಿಕೊಂಡು ಬಾಗಿಲಿಗೆ ಹೋದರು. ಅಲ್ಲಿ ನಿಂತು, ಖಡುವಿನ ಹುಡಿ ಮೆತ್ತಿದ ಕೈ ತೊಳೆಯುತ್ತಿದ್ದ ಹುಡುಗಿಗೆ ಹೇಳಿದರು.

"ನಾಳಿ ಸಾಲಿಗಿ ಬರೂ ಮುಂದ ನಮ್ಮ ಓಣಿಲಿಂದ ಬಾ. ಸುತ್ತು ಹಾಕಬ್ಯಾಡ."

ಮರುದಿನ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಅವಳು ಬಂದು ಸಾಲಿನಲ್ಲಿ ನಿಂತಿದ್ದಳು.